ಡೆನ್ಮಾರ್ಕ್, ಫ್ಯೂನ್ ದ್ವೀಪ: ಸೀ ಟ್ರೌಟ್‌ಗೆ ಮೂರು ವಾರದಿಂದ ಲೂರ್ ಎಸೀತಿದೀನಿ, ಒಂದೂ ತಾಗ್ತಿಲ್ಲ

ಗಂಗೊಳ್ಳಿ_ಹುಡುಗ:

ಎಲ್ರಿಗೂ ನಮಸ್ಕಾರ. ನಾನು ಗಂಗೊಳ್ಳಿ ಕಡೆಯವ, ಈಗ ಓಡೆನ್ಸದಲ್ಲಿ ಕೆಲಸ, ಇಲ್ಲಿಗೆ ಬಂದು ಏಳು ತಿಂಗಳಾಯ್ತು. ಊರಲ್ಲಿ ಸಣ್ಣವನಿದ್ದಾಗಿಂದ ಅಳಿವೆ ಬಾಗಿಲಲ್ಲಿ ಗಾಳ ಹಾಕಿ ಅಭ್ಯಾಸ, ಅಪ್ಪ ದೋಣಿಯವರು, ಹಾಗಾಗಿ ಸಮುದ್ರ ಅಂದ್ರೆ ಹೊಸತಲ್ಲ. ಆದ್ರೆ ಇಲ್ಲಿ ಎಲ್ಲಾ ಬೇರೆ ಥರ ಇದೆ.

ಆಫೀಸಲ್ಲಿ ಒಬ್ರು ಹೇಳಿದ್ರು ಫ್ಯೂನ್ ಅಂದ್ರೆ ಸೀ ಟ್ರೌಟ್ ದ್ವೀಪ, ಯುರೋಪಿನ ಎಲ್ಲಾ ಕಡೆಯಿಂದ ಜನ ಇದಕ್ಕೇ ಅಂತ ಬರ್ತಾರೆ, ಮಾರ್ಚ್-ಏಪ್ರಿಲ್ ಒಳ್ಳೆ ಸೀಸನ್ ಅಂತ. ಲೈಸೆನ್ಸ್ ಮಾಡಿಸಿದೆ, 9 ಅಡಿ ರಾಡ್, 4000 ಸೈಜಿನ ರೀಲ್, ಬ್ರೇಡ್ ಲೈನ್ (ಹೆಣೆದ ದಾರ), ವೇಡರ್ಸ್ (ಎದೆ ತನಕ ಬರೋ, ನೀರು ಒಳಗೆ ಬಿಡದ ಪ್ಯಾಂಟು), 28 ಗ್ರಾಂದು ನಾಲ್ಕು ಲೂರ್ (ಮೀನಿನ ಹಾಗೆ ಕಾಣೋ ಕೃತಕ ಎರೆ), ಎಲ್ಲಾ ತಗೊಂಡೆ. ಮೂರು ವಾರದಿಂದ ಪ್ರತಿ ಶನಿವಾರ ಭಾನುವಾರ ಬೆಳಿಗ್ಗೆ ಆರು ಗಂಟೆಗೆಲ್ಲ ಫ್ಯೂನ್ಸ್ ಹೋವಡ್ ತುದೀಲಿ ಇಲ್ಲ ಕೆರ್ಟೆಮಿಂಡೆ ಹೊರಗಿನ ತೆರೆದ ಕಡಲ ಬದೀಲಿ ಸೊಂಟದ ತನಕ ನೀರಿಗೆ ಇಳಿದು ಆದಷ್ಟು ದೂರ ಎಸೀತೀನಿ, ನಮ್ಮೂರಲ್ಲಿ ದೂರ ಹೋದಷ್ಟೂ ಮೀನು ಅಂತ ಲೆಕ್ಕ ಅಲ್ವಾ. ಒಂದು ಮೀನು ಮಾತ್ರ ಲೂರ್ ಹಿಂದೇನೇ ಬಂತು, ಕಾಲ ಹತ್ರ ಬಂದು ನನ್ನ ನೋಡಿ ತಿರುಗಿ ಹೋಯ್ತು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ನೀರು 4 ಡಿಗ್ರಿ ಅಂತ ತೋರಿಸ್ತಿದೆ. ಜಾಗ ತಪ್ಪಾ, ಹೊತ್ತು ತಪ್ಪಾ, ಲೂರ್ ತಪ್ಪಾ? ಯಾರಾದ್ರೂ ಇಲ್ಲಿ ಹಿಡಿದವ್ರು ಇದ್ರೆ ದಯವಿಟ್ಟು ಹೇಳಿ.

ಓಡೆನ್ಸ_ಹಳಬ:

ಜಾಗಾನೂ ತಪ್ಪು ಹೊತ್ತೂ ತಪ್ಪು, ಬೇಜಾರಾಗ್ಬೇಡಿ, ನಾನೂ ಮೊದಲ ವಸಂತ ಪೂರ್ತಿ ಇದೇ ಮಾಡಿದ್ದೆ. 11 ವರ್ಷದಿಂದ ಇಲ್ಲಿದೀನಿ, ತಿಳ್ದಿದ್ದು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಉಪ್ಪಿನ ವಿಷಯ ಅರ್ಥ ಮಾಡ್ಕೊಳ್ಳಿ, ಮಿಕ್ಕಿದ್ದೆಲ್ಲ ಅದರಿಂದಲೇ ಬರುತ್ತೆ. ಸೀ ಟ್ರೌಟ್ ಅಂದ್ರೆ ಹೊಳೇಲಿರೋ ಬ್ರೌನ್ ಟ್ರೌಟೇ, ಜಾತಿ ಒಂದೇ. ಹುಟ್ಟೋದು ಹೊಳೇಲಿ, ಒಂದೆರಡು ವರ್ಷ ಅಲ್ಲೇ ಬೆಳೆದು ಸಮುದ್ರಕ್ಕೆ ಇಳಿಯುತ್ತೆ, ತಿಂದು ದಪ್ಪ ಆಗಿ ಮೊಟ್ಟೆ ಇಡೋಕೆ ಮತ್ತೆ ಹೊಳೆಗೆ. ಅದರ ರಕ್ತದಲ್ಲಿ ಉಪ್ಪು ಲೀಟರಿಗೆ 9-10 ಗ್ರಾಂ ಅಷ್ಟೇ. ಹೊರಗಿನ ನೀರಲ್ಲಿ ಅದಕ್ಕಿಂತ ಜಾಸ್ತಿ ಉಪ್ಪಿದ್ರೆ ಮೈಯೊಳಗಿನ ನೀರು ಹೊರಕ್ಕೆ ಹೋಗ್ತಾ ಇರುತ್ತೆ. ಆಗ ಮೀನು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನ ಕಿವಿರಿಂದ ಹೊರಗೆ ಹಾಕ್ಬೇಕು. ನೀರು ಬೆಚ್ಚಗಿದ್ರೆ ಇದು ಅದಕ್ಕೆ ಕಷ್ಟ ಅಲ್ಲ, ಆದ್ರೆ 2-3-4 ಡಿಗ್ರಿ ಚಳೀಲಿ ಆ ಕೆಲಸ ಮಾಡೋಕೆ ಮೈಯಲ್ಲಿ ತ್ರಾಣ ಇರಲ್ಲ. ಅದಕ್ಕೇ ಚಳಿಗಾಲದಲ್ಲಿ ತುಂಬಾ ಮೀನು ಫ್ಯೋರ್ಡ್ ಒಳಗೆ, ಅಂದ್ರೆ ನೆಲದೊಳಕ್ಕೆ ಚಾಚಿದ ಕೊಲ್ಲೀಲಿ, ಹೊಳೆ ನೀರು ಸೇರಿ ಸವಳಾಗಿರೋ ಕಡೆ ಬಂದು ಕೂತ್ಕೊಳ್ತಾವೆ. ನೀವು ಗಂಗೊಳ್ಳಿಯವ್ರು, ಪಂಚಗಂಗಾವಳಿ ಅಳಿವೆ ನೋಡಿ ಬೆಳೆದವ್ರು, ಸಿಹಿನೀರು ಉಪ್ಪುನೀರು ಕೂಡೋ ಜಾಗ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ. ಫ್ಯೂನ್ಸ್ ಹೋವಡ್ ಅಂದ್ರೆ ಕಡಲೊಳಗೆ ಚಾಚಿದ ಮೂಲೆ, ಸುತ್ತ ಗ್ರೇಟ್ ಬೆಲ್ಟ್ ಜಲಸಂಧಿ, ಕಟ್ಟೆಗಾಟ್ ಕಡಲಿನ ನೀರು, ಉಪ್ಪು ಜಾಸ್ತಿ. 4 ಡಿಗ್ರಿಯಲ್ಲಿ ಅಲ್ಲಿ ಯಾಕೆ ನಿಲ್ಲುತ್ತೆ ಅದು? ಅದೇ ಬೋರ್ನ್‌ಹೋಲ್ಮ್ ದ್ವೀಪದ ಕಡೆ ಹೋದ್ರೆ ಬಾಲ್ಟಿಕ್ ನೀರಲ್ಲಿ ಉಪ್ಪು ಲೀಟರಿಗೆ 7-8 ಗ್ರಾಂ ಅಷ್ಟೇ, ಮೀನಿನ ರಕ್ತಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಹಾಗಾಗಿ ಅಲ್ಲಿ ಚಳಿಗಾಲ ಪೂರ್ತಿ ತೆರೆದ ಕಡಲಲ್ಲೇ ಹಿಡೀತಾರೆ.

ಈಗ ಮಾರ್ಚ್ ಕೊನೆ. ನೀವು ಓಡೆನ್ಸ ಫ್ಯೋರ್ಡ್, ದಕ್ಷಿಣಕ್ಕೆ ಹೆಲ್ನೆಸ್ ಕೊಲ್ಲಿ, ಪಶ್ಚಿಮಕ್ಕೆ ಗಾಮ್ಬೋರ್ಗ್ ಫ್ಯೋರ್ಡ್, ಈ ಮೂರು ಬಿಟ್ಟು ಬೇರೆ ಕಡೆ ಹೋಗ್ಬೇಡಿ. ಏಪ್ರಿಲ್ ಅರ್ಧ ಆಗಿ ನೀರು 7-8 ಡಿಗ್ರಿ ದಾಟಿದ್ಮೇಲೆ ಮೀನು ನಿಧಾನಕ್ಕೆ ಹೊರಗೆ ಹರಡುತ್ತೆ, ಆಗ ನಿಮ್ಮ ಫ್ಯೂನ್ಸ್ ಹೋವಡ್‌ಗೆ ಆರಾಮಾಗಿ ಹೋಗಿ, ಅದು ನಿಜವಾಗ್ಲೂ ಚೆಂದದ ಜಾಗ.

ಎರಡನೇದು ಹೊತ್ತು. ಬೆಳಿಗ್ಗೆ ಆರು ಗಂಟೆ ಅನ್ನೋದು ಬೇಸಿಗೆ ಲೆಕ್ಕ. ಈಗ ರಾತ್ರಿಯೆಲ್ಲ ನೀರು ತಣ್ಣಗಾಗಿರುತ್ತೆ, ಬೆಳಿಗ್ಗೆ ದಿನದಲ್ಲೇ ಅತಿ ತಣ್ಣನೆ ಹೊತ್ತು. ಮಧ್ಯಾಹ್ನ ಒಂದರಿಂದ ಸೂರ್ಯ ಇಳಿಯೋ ತನಕ ಹೋಗಿ. ಬಿಸಿಲಿರೋ ದಿನ ಮೊಣಕಾಲುದ್ದ ನೀರು, ಕೆಳಗೆ ಕಪ್ಪು ಪಾಚಿ, ಕೆಸರು ಇದ್ರೆ ಅದು ಬಿಸಿಲು ಹೀರ್ಕೊಂಡು ಹೊರಗಿನ ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಾಗುತ್ತೆ. ಆ ಒಂದು ಡಿಗ್ರಿಗೇ ಸಿಗಡಿ ಓಡಾಡುತ್ತೆ, ಹುಳ ಬಿಲದಿಂದ ಹೊರಗೆ ಬರುತ್ತೆ, ಮೀನೂ ಅಲ್ಲಿಗೇ ಬರುತ್ತೆ. ಗಾಳಿ ಎರಡ್ಮೂರು ದಿನ ಒಂದೇ ಕಡೆಯಿಂದ ಕೊಲ್ಲಿ ಒಳಕ್ಕೆ ಬೀಸಿದ್ರೆ ಮೇಲಿನ ಬೆಚ್ಚಗಿನ ನೀರು ಅಲ್ಲೇ ತುಂಬ್ಕೊಳ್ಳುತ್ತೆ, ಅಂಥ ದಡ ಹುಡುಕಿ. ಗಾಳಿ ದಡದಿಂದ ಹೊರಕ್ಕೆ ಬೀಸಿದ್ರೆ ನಿಂತು ಎಸೆಯೋಕೆ ಸುಖ, ಆದ್ರೆ ಮೇಲಿನ ನೀರು ಆಚೆ ಹೋಗಿ ತಳದ ತಣ್ಣೀರು ಮೇಲೆ ಬರುತ್ತೆ. ಇಲ್ಲಿ ಭರತ ಇಳಿತ ಒಂದು ಅಡಿ ಆಸುಪಾಸು, ಊರಿನ ಹಾಗೆ ಅದನ್ನ ನೋಡ್ತಾ ಕೂರೋದು ಬೇಡ, ಗಾಳಿ ನೋಡಿ.

ಮೂರನೇದು, ದಯವಿಟ್ಟು ಸೊಂಟದ ತನಕ ಇಳೀಬೇಡಿ. ನೀವು ನಿಂತಿರೋ ಜಾಗದಲ್ಲೇ ಮೀನಿತ್ತು ಮಾರಾಯ್ರೆ. ಮೊದಲ ಹತ್ತು ಎಸೆತ ಒಣ ದಡದಲ್ಲೇ ನಿಂತು, ನೇರ ಕಡಲಿಗಲ್ಲ, ದಡಕ್ಕೆ ಓರೆಯಾಗಿ ಎಸೀರಿ. ದಡಕ್ಕೂ ಮೊದಲ ಮರಳ ದಿಬ್ಬಕ್ಕೂ ನಡುವೆ ಒಂದು ತಗ್ಗು ಇರುತ್ತೆ, ಇಲ್ಲಿಯವ್ರು ಅದಕ್ಕೆ ಸ್ನಾನದ ತೊಟ್ಟಿ ಅಂತಾನೇ ಕರೀತಾರೆ, ಮೀನು ಅದರಲ್ಲೇ ದಡದುದ್ದಕ್ಕೂ ಓಡಾಡ್ತಿರುತ್ತೆ. ಆಮೇಲೆ ಮರಳು ಬಿಳಿ, ಪಾಚಿ ಕಪ್ಪು, ನಡುನಡುವೆ ಕಲ್ಲು, ಹೀಗೆ ಚಿರತೆ ಚರ್ಮದ ಹಾಗೆ ಕಾಣೋ ತಳ ಇದ್ಯಲ್ಲ, ಅದು ಸಿಕ್ರೆ ಅಲ್ಲೇ ಸಮಯ ಕೊಡಿ. ಬರೀ ಮರಳಿದ್ರೆ ಮುಂದೆ ನಡೀರಿ. ಒಂದೇ ಕಡೆ ಮೂರು ಗಂಟೆ ನಿಲ್ಲೋದ್ರಿಂದ ಏನೂ ಸಿಗಲ್ಲ, ಎರಡು ಮೂರು ಎಸೆತ, ನಾಲ್ಕು ಹೆಜ್ಜೆ, ಮತ್ತೆ ಎಸೆತ.

ಕೊಡಗು_ಕಾವೇರಿ:

ಮೇಲಿನವ್ರು ಜಾಗದ ಬಗ್ಗೆ ಪೂರ್ತಿ ಹೇಳಿದಾರೆ, ನಾನು ಲೂರ್ ಬಗ್ಗೆ ಅಷ್ಟೇ ಹೇಳ್ತೀನಿ. ನಾನಿರೋದು ಜರ್ಮನಿ ಕೀಲ್‌ನಲ್ಲಿ, ಊರಲ್ಲಿ ಕಾವೇರೀಲಿ ಸ್ಪೂನ್ ಹಾಕಿ ಕೈ ಪಳಗಿದ್ದು, ಇಲ್ಲಿ ಆರು ವರ್ಷದಿಂದ ಇದೇ ಮೀನಿನ ಹಿಂದೆ ಬಿದ್ದಿದೀನಿ.

28 ಗ್ರಾಂ ಈಗ ಬೇಡ. ಒಂದು ಮೀಟರ್ ನೀರಲ್ಲಿ ಅದು ತಳಕ್ಕೆ ಹೋಗಿ ಪಾಚಿ ಕಚ್ಚುತ್ತೆ, ಪಾಚಿಗೆ ಸಿಗದೆ ಇರ್ಲಿ ಅಂತ ನೀವು ಜೋರಾಗಿ ಸುತ್ತುತೀರಿ, ಚಳೀಲಿರೋ ಮೀನಿಗೆ ಆ ವೇಗ ಬೇಕಿಲ್ಲ. 10ರಿಂದ 18 ಗ್ರಾಂ ಒಳಗಿಂದು ತಗೊಳ್ಳಿ, ದೂರ ಹೋಗಲ್ಲ ಅನ್ನೋ ಚಿಂತೆ ಬೇಡ, ದೂರ ಬೇಕಾಗಿಲ್ಲ ಅಂತ ಆಗ್ಲೇ ಹೇಳಿದಾರಲ್ಲ. ಗಾಳಿ ಎದುರಿಗಿದ್ದಾಗ ಮಾತ್ರ 20ರ ಮೇಲಿಂದು. ಬ್ರೇಡ್ 0.12 ಮಿ.ಮೀ ಸಾಕು, ಮುಂದೆ ಒಂದೂವರೆ ಮೀಟರ್ 0.28 ಮಿ.ಮೀ ಫ್ಲೋರೋಕಾರ್ಬನ್ ದಾರ ಕಟ್ಟಿ, ಕಲ್ಲಿಗೆ ಉಜ್ಜಿದ್ರೂ ತಡೆಯುತ್ತೆ, ನೀರು ತಿಳಿಯಾಗಿದ್ರೆ ಕಾಣಲ್ಲ.

ಆಕಾರ: ಸ್ವೀಡನ್ನಿನ ಸ್ಪೋಕೆಟ್ ಥರದ ಕೋಸ್ಟ್ ವಾಬ್ಲರ್ ಒಂದು ಇರ್ಲಿ, ಓಲಾಡ್ಕೊಂಡು ನಿಧಾನಕ್ಕೆ ಬರುತ್ತೆ. ಇನ್ನೊಂದು, ಲೈನ್ ಲೂರ್ ಮೈಯೊಳಗಿಂದಲೇ ತೂರಿ ಹೋಗೋ ಥರದ್ದು, ಡೆನ್ಮಾರ್ಕಿನ ಸ್ನುರ್ರೆಬಾಸೆನ್ ಆ ಜಾತಿ. ಇದರಿಂದ ಒಂದು ದೊಡ್ಡ ಉಪಕಾರ ಇದೆ. ಟ್ರೌಟ್ ಸಿಕ್ಕಿದ ತಕ್ಷಣ ನೀರಿಂದ ಮೇಲೆ ಹಾರಿ ತಲೆ ಒದರುತ್ತೆ, ಮೈ ಸುರುಳಿ ಸುತ್ತುತ್ತೆ. ಮಾಮೂಲಿ ಲೂರ್‌ನಲ್ಲಿ ಆ 20 ಗ್ರಾಂ ಭಾರ ಬಾಯಲ್ಲೇ ನೇತಾಡ್ತಾ ಸನ್ನೆ ಹಾಕಿದ ಹಾಗೆ ಹುಕ್ ಕಿತ್ತುಹಾಕುತ್ತೆ. ತೂರಿ ಹೋಗೋದ್ರಲ್ಲಿ ಲೂರ್ ಲೈನ್ ಮೇಲೆ ಜಾರಿ ದೂರ ಹೋಗುತ್ತೆ, ಬಾಯಲ್ಲಿ ಬರೀ ಹುಕ್. ನನಗೆ ತಪ್ಪಿಸ್ಕೊಳ್ಳೋ ಮೀನು ಅರ್ಧಕ್ಕರ್ಧ ಕಮ್ಮಿ ಆಯ್ತು. ಟ್ರೆಬಲ್ ಹುಕ್ (ಮೂರು ಮೊನೆದು) ತೆಗೆದು ಒಂದೇ ಮೊನೆ ಹುಕ್ ಹಾಕಿ, ಅದರ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಬಿಡಿ, ವಸಂತದಲ್ಲಿ ಬಿಡಬೇಕಾದ ಮೀನೇ ಜಾಸ್ತಿ ಸಿಗೋದು.

ಬಣ್ಣ: ಈಗ ಅವು ತಿಂತಿರೋದು ಸಿಗಡಿ, ಕಡಲ ಹುಳ. ತಾಮ್ರ, ಕಿತ್ತಳೆ, ಗುಲಾಬಿ ನೋಡಿ. ಬೆಳ್ಳಿ, ನೀಲಿ, ಹಸಿರು ಎಲ್ಲ ಆಮೇಲೆ ಸಣ್ಣ ಹೆರ್ರಿಂಗ್, ಟೋಬಿಸ್ (ಮರಳಲ್ಲಿ ಹುದುಗೋ ಸಣ್ಣ ಉದ್ದ ಮೀನು) ಬಂದಾಗ. ಹೆರ್ರಿಂಗ್ ನಮ್ಮ ಬೂತಾಯಿ ಬಳಗದ್ದೇ.

ನಿಮ್ಮ ಹಿಂದೆ ಬಂದು ತಿರುಗಿ ಹೋದ ಮೀನಿನ ವಿಷಯ. ಈ ಮೀನಿಗೆ ಹಿಂಬಾಲಿಸೋದು ಸ್ವಭಾವ, ಒಂದೇ ವೇಗದಲ್ಲಿ ಬರೋದನ್ನ ಅದು ಬರೀ ನೋಡ್ತಾ ಬರುತ್ತೆ. ನಾಲ್ಕೈದು ಸುತ್ತು ಸುತ್ತಿ ಪೂರ್ತಿ ನಿಲ್ಲಿಸಿ, ಎರಡು ಸೆಕೆಂಡ್ ಬೀಳೋಕೆ ಬಿಡಿ, ಮತ್ತೆ ಸುತ್ತಿ. ಹೆಚ್ಚಿನ ಹೊಡೆತ ಬೀಳೋದು ಆ ನಿಲ್ಲಿಸಿದಾಗ ಇಲ್ಲಾ ಮತ್ತೆ ಶುರು ಮಾಡಿದ ಕ್ಷಣ. ಹಿಂದೆ ನೆರಳು ಕಂಡ್ರೆ ಕೈ ನಿಲ್ಲಿಸ್ಬೇಡಿ, ತಟ್ಟಂತ ವೇಗ ಹೆಚ್ಚಿಸಿ, ಓಡ್ಹೋಗೋ ಸಿಗಡಿ ಹಾಗೆ. ರಾಡ್ ತುದಿಗೆ ಲೂರ್ ಬರೋ ತನಕ ನೀರಿಂದ ಎತ್ತಬೇಡಿ.

ಅದೂ ಆಗಿಲ್ಲ ಅಂದ್ರೆ ಬೊಂಬಾರ್ಡಾ ಅಂತ ಪಾರದರ್ಶಕ ಎಸೆಯೋ ಬೆಂಡು ಸಿಗುತ್ತೆ, ಅದರ ಹಿಂದೆ ಎರಡೂವರೆ ಮೀಟರ್ ಲೈನ್, ತುದೀಲಿ ಗುಲಾಬಿ ಸಿಗಡಿ ಫ್ಲೈ, ಅಂದ್ರೆ ಹುಕ್ ಮೇಲೆ ಗರಿ, ಕೂದಲು ಕಟ್ಟಿ ಮಾಡಿದ ಹಗುರ ಎರೆ. ಇಲ್ಲಿ ತುಂಬಾ ಹೆಸರಾಗಿರೋ ಒಂದು ಫ್ಲೈ ಇದೆ, ಪಾಟೆಗ್ರೀಸೆನ್, ಹಾಗಂದ್ರೆ ಹಂದಿಮರಿ, ಬಣ್ಣ ಹಾಗಿರೋದಕ್ಕೇ ಆ ಹೆಸರು. ತಣ್ಣೀರಲ್ಲಿ ಯಾವ ಲೂರ್‌ಗೂ ತಿರುಗಿ ನೋಡದ ಮೀನು ಇದಕ್ಕೆ ಬಂದಿದ್ದು ಎಷ್ಟೋ ಸಲ ನೋಡಿದೀನಿ.

ಬೆಂಗ್ಳೂರ್_ಆರ್ಹುಸ್:

ಗುರು ಇಷ್ಟೆಲ್ಲ ಥಿಯರಿ ಬೇಕಾ, ನಾನು ಆರ್ಹುಸ್ ಹತ್ರ ಹೋದ ವರ್ಷ ಮಾರ್ಚಲ್ಲಿ ಬೆಳ್ಳಿ ಲೂರ್‌ನಲ್ಲೇ ಎರಡು ಹಿಡ್ದೆ, 52 ಮತ್ತೆ 55 ಸೆಂಟಿಮೀಟರ್. ಕಾನೂನು 40 ಸೆಂ.ಮೀ, ಅದು ದಾಟಿದ್ರೆ ಮನೆಗೆ ತಗೊಂಡ್ ಹೋಗಿ ಅಷ್ಟೇ. ಒಂದ್ ಡೌಟು, ಎರಡೂ ಫ್ರೈ ಮಾಡಿದ್ರೆ ಒಳ್ಳೆ ನೀರ್ ನೀರಾಗಿ ರುಚೀನೇ ಇರ್ಲಿಲ್ಲ, ಮಾಂಸ ಬೆಳ್ಳಗಿತ್ತು. ಇಲ್ಲಿ ಜನ ಯಾಕೆ ಇಷ್ಟು ಹೊಗಳ್ತಾರೋ ಗೊತ್ತಾಗ್ಲಿಲ್ಲ.

ಓಡೆನ್ಸ_ಹಳಬ:

ನಿಮ್ಮ ಡೌಟಿಗೆ ಉತ್ತರ ನಿಮ್ಮ ಪೋಸ್ಟಲ್ಲೇ ಇದೆ. ನೀವು ಹಿಡ್ದಿದ್ದು ಮೊಟ್ಟೆ ಇಟ್ಟು ಹೊಳೆಯಿಂದ ಆಗಷ್ಟೇ ಇಳಿದ ಮೀನು, ಎರಡೂ.

ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಸಿಟ್ಟಿಂದ ಅಲ್ಲ, ಇದು ನನಗೆ ಮನಸಿಗೆ ಹತ್ತಿರದ ವಿಷಯ. ನವೆಂಬರ್‌ನಿಂದ ಜನವರಿ ತನಕ ಈ ಮೀನು ಸಣ್ಣ ಸಣ್ಣ ಹಳ್ಳಗಳ ಜಲ್ಲಿ ತಳದಲ್ಲಿ ಮೊಟ್ಟೆ ಇಡುತ್ತೆ. ಆಗ ತಿನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಮೈಯಲ್ಲಿದ್ದ ಕೊಬ್ಬೆಲ್ಲ ಕರಗಿರುತ್ತೆ. ಸಾಲ್ಮನ್‌ಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗೀತಾವೆ, ಆದ್ರೆ ಸೀ ಟ್ರೌಟ್ ಬದುಕಿ ವಾಪಸ್ ಸಮುದ್ರಕ್ಕೆ ಬಂದು, ಮೈ ತುಂಬ್ಕೊಂಡು, ಮತ್ತೆ ಮತ್ತೆ ಅದೇ ಹಳ್ಳಕ್ಕೆ ಹೋಗೋ ಮೀನು. ಮಾರ್ಚಲ್ಲಿ ಅದು ಇಳಿದು ಬಂದಾಗ ಬಣ್ಣ ಮತ್ತೆ ಬೆಳ್ಳಿ ಆಗಿರುತ್ತೆ, ಅದನ್ನ ನೋಡಿ ಹೊಸಬ್ರು ಮೋಸ ಹೋಗ್ತಾರೆ. ಆದ್ರೆ ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ: ತಲೆ ದೊಡ್ಡದು, ಮೈ ಹಾವಿನ ಹಾಗೆ ಉದ್ದ, ಹೊಟ್ಟೆ ಒಳಕ್ಕೆ ಹೋಗಿರುತ್ತೆ, ಬಾಲದ ಅಂಚು ಜಲ್ಲಿ ಕೆದಕಿ ಸವೆದಿರುತ್ತೆ. ಅಂಥದನ್ನ ತಿಂದು ಸುಖ ಇಲ್ಲ, ಬಿಟ್ರೆ ಬೇಸಿಗೆ ಮುಗಿಯೋಷ್ಟರಲ್ಲಿ ಮತ್ತೆ ದಪ್ಪ ಮೀನು.

ಲೆಕ್ಕದಲ್ಲಿ ಬೇಕಾದ್ರೆ, ತೂಕ ಗ್ರಾಂನಲ್ಲಿ ತಗೊಂಡು 100ರಿಂದ ಗುಣಿಸಿ, ಉದ್ದ ಸೆಂಟಿಮೀಟರ್‌ನಲ್ಲಿ ತಗೊಂಡು ಉದ್ದ × ಉದ್ದ × ಉದ್ದ ಮಾಡಿ ಬಂದಿದ್ದರಿಂದ ಭಾಗಿಸಿ. 50 ಸೆಂ.ಮೀ ಮೀನು 1,250 ಗ್ರಾಂ ಇದ್ರೆ ಸರಿಯಾಗಿ 1 ಬರುತ್ತೆ, ಆರೋಗ್ಯವಾಗಿದೆ ಅಂತ. ಅದೇ 50 ಸೆಂ.ಮೀ ಮೀನು 900 ಗ್ರಾಂ ಅಂದ್ರೆ 0.72, ಅದು ಹಸಿದು ಬಂದ ಮೀನು.

ತಿನ್ನೋಕೆ ಬೇಕಾಗಿರೋದು ಇನ್ನೊಂದು ಥರದ್ದು, ಇಲ್ಲಿ ಗ್ರೀನ್‌ಲ್ಯಾಂಡರ್ ಅಂತಾರೆ. ಇನ್ನೂ ಮೊಟ್ಟೆ ಇಡೋ ವಯಸ್ಸಾಗಿಲ್ಲ, ಚಳಿಗಾಲ ಪೂರ್ತಿ ಫ್ಯೋರ್ಡಲ್ಲೇ ತಿಂದ್ಕೊಂಡಿರುತ್ತೆ, ಹೊಳೆಯೋ ಬೆಳ್ಳಿ, ಗುಂಡಗಿನ ಮೈ, ಕೈ ಇಟ್ರೆ ಪೊರೆ ಅಂಗೈಗೆ ಅಂಟ್ಕೊಳ್ಳುತ್ತೆ. ಅಂಥದ್ದು 40 ದಾಟಿದ್ರೆ ಒಂದು ತಗೊಳ್ಳಿ. ಪೊರೆ ಅಷ್ಟು ಸುಲಭಕ್ಕೆ ಉದುರೋದ್ರಿಂದ, ಬಿಡೋ ಮೀನಾದ್ರೆ ಮುಟ್ಟೋಕೇ ಹೋಗ್ಬೇಡಿ, ನೀರಲ್ಲೇ ಇಕ್ಕಳದಿಂದ ಹುಕ್ ಬಿಡಿಸಿ.

ಕಾನೂನು 40 ಸೆಂ.ಮೀ ಅಂತ ನೀವು ಹೇಳಿದ್ದು ಸರಿ, ಅದರ ಜೊತೆ ಇನ್ನೆರಡು ಇವೆ. ನವೆಂಬರ್ 16ರಿಂದ ಜನವರಿ 15ರ ತನಕ ಮೊಟ್ಟೆಗೆ ಬಣ್ಣ ತಿರುಗಿದ ಮೀನನ್ನ ಸಮುದ್ರದಲ್ಲೂ ಇಟ್ಕೊಳ್ಳೋ ಹಾಗಿಲ್ಲ. ಹೊಳೆ ಬಾಯಿಯ 500 ಮೀಟರ್ ಒಳಗೆ ಮೀನು ಹಿಡಿಯೋ ಹಾಗಿಲ್ಲ, ಬಾಯಿ 2 ಮೀಟರಿಗಿಂತ ಅಗಲ ಇದ್ರೆ ವರ್ಷ ಪೂರ್ತಿ, ಸಣ್ಣ ಹಳ್ಳ ಆದ್ರೆ ಸೆಪ್ಟೆಂಬರ್ 16ರಿಂದ ಮಾರ್ಚ್ 15ರ ತನಕ. ಓಡೆನ್ಸ ಫ್ಯೋರ್ಡ್‌ಗೆ ದೊಡ್ಡ ಹೊಳೆಯೇ ಬಂದು ಸೇರುತ್ತೆ, ಹಾಗಾಗಿ ಇಲಾಖೆ ಮ್ಯಾಪ್ ನೋಡದೆ ಅಲ್ಲಿ ಒಂದು ಎಸೆತಾನೂ ಬೇಡ. ಫ್ಯೂನ್‌ನಲ್ಲಿ ಇವತ್ತು ಮೀನಿದೆ ಅಂದ್ರೆ ಸುಮ್ನೆ ಇಲ್ಲ. 1990ರಿಂದ ಇಲ್ಲಿನ ಪುರಸಭೆಗಳು ಸೇರ್ಕೊಂಡು ಹಳ್ಳಗಳಿಗೆ ಜಲ್ಲಿ ಹಾಕಿ, ಅಡ್ಡ ಇದ್ದ ಕಟ್ಟೆ ತೆಗೆದು, ಮರಿ ಬಿಟ್ಟು ಈ ಮಟ್ಟಕ್ಕೆ ತಂದಿದಾರೆ. ನಿಮ್ಮ ಲೈಸೆನ್ಸ್ ದುಡ್ಡೂ ಇಂಥ ಕೆಲಸಕ್ಕೇ ಹೋಗೋದು.

ಬೆಂಗ್ಳೂರ್_ಆರ್ಹುಸ್:

ಸರಿ ಸರ್, ಹೊಟ್ಟೆ ಒಳಕ್ಕೆ ಹೋಗಿತ್ತು, ತಲೆ ದೊಡ್ಡದಿತ್ತು, ಈಗ ಫೋಟೋ ತೆಗೆದು ನೋಡಿದೆ, ನೀವು ಹೇಳಿದ್ದೇ. ಇನ್ಮೇಲೆ ಬಿಡ್ತೀನಿ. ಆ ಲೆಕ್ಕ ಫೋನಲ್ಲಿ ಸೇವ್ ಮಾಡ್ಕೊಂಡೆ.

ಮಲ್ಪೆ_ಮಾಲ್ಮೋ:

ಮೀನಿನ ಬಗ್ಗೆ ಎಲ್ಲ ಬಂತು, ಮನುಷ್ಯನ ಬಗ್ಗೆ ಯಾರೂ ಹೇಳ್ಲಿಲ್ಲ. ಗಂಗೊಳ್ಳಿ ತಮ್ಮ, ನೀನು ಒಬ್ನೇ ಬೆಳಿಗ್ಗೆ ಆರು ಗಂಟೆಗೆ 4 ಡಿಗ್ರಿ ನೀರಲ್ಲಿ ಸೊಂಟದ ತನಕ ನಿಂತಿದ್ದೆ ಅಂತ ಓದಿ ಎದೆ ಝಲ್ಲಂತು. ನಮಗೆಲ್ಲ ಈಜು ಬರುತ್ತೆ ಅನ್ನೋ ಧೈರ್ಯ ಇರುತ್ತಲ್ಲ, ಆ ಧೈರ್ಯ 28 ಡಿಗ್ರಿ ನೀರಿಂದು. ಈ ನೀರಿಗೆ ಬಿದ್ರೆ ಮೊದಲು ಉಸಿರು ತಾನಾಗೇ ಎಳ್ಕೊಳ್ಳುತ್ತೆ, ಆಗ ಬಾಯಿ ನೀರೊಳಗಿದ್ರೆ ಮುಗೀತು. ಹತ್ತು ನಿಮಿಷದಲ್ಲಿ ಬೆರಳು ಮಡಚೋಕೆ ಬರಲ್ಲ. ನಾನು ಎರಡು ವರ್ಷದ ಹಿಂದೆ ಪಾಚಿ ಕಲ್ಲಿನ ಮೇಲೆ ಜಾರಿ ಎದೆ ಮಟ್ಟದ ನೀರಲ್ಲೇ ಬಿದ್ದಿದ್ದೆ, ದಡ 15 ಮೀಟರ್, ಎದ್ದು ಬಂದ್ಮೇಲೆ ಕಾರಿನ ಕೀಲಿ ತಿರುಗ್ಸೋಕೆ ಕೈ ಬರ್ಲಿಲ್ಲ.

ವೇಡರ್ಸ್ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಾಗಿ ಕಟ್ಟು. ಗಾಳಿ ತುಂಬೋ ಲೈಫ್ ಜಾಕೆಟ್ ಹಾಕು. ಫೋನು ನೀರು ಹೋಗದ ಚೀಲದಲ್ಲಿ, ಎದೆ ಮೇಲೆ. ಎಲ್ಲಿಗೆ ಹೋಗ್ತಿದೀಯ ಎಷ್ಟೊತ್ತಿಗೆ ಬರ್ತೀಯ ಅಂತ ಒಬ್ರಿಗೆ ಹೇಳಿ ಹೋಗು. ಮರಳ ದಿಬ್ಬ ದಾಟಿ ಆಚೆ ಹೋಗೋದೇ ಬೇಡ, ಗಾಳಿ ತಿರುಗಿ ನೀರೇರಿದ್ರೆ ಹಿಂದಿನ ತಗ್ಗು ದಾಟೋಕೆ ಆಗಲ್ಲ. ಲಿಲ್ಲೆಬೆಲ್ಟ್ ಜಲಸಂಧಿ ಕಡೆ ಹೋದ್ರೆ ಸೆಳೆತ ಜೋರು, ಅಲ್ಲಿ ಮೊಣಕಾಲಿಗಿಂತ ಒಳಗೆ ಇಳೀಬೇಡ.

ಮನೆಗೆ ಬಂದ್ಮೇಲೆ ರಾಡು ರೀಲು ಲೂರ್ ಎಲ್ಲ ಸಿಹಿನೀರಲ್ಲಿ ತೊಳಿ, ಇಲ್ಲಾಂದ್ರೆ ಒಂದೇ ಸೀಸನ್‌ಗೆ ತುಕ್ಕು.

ಗಂಗೊಳ್ಳಿ_ಹುಡುಗ:

ಎಲ್ರಿಗೂ ಕೈ ಮುಗೀತೀನಿ, ಇಷ್ಟು ಪ್ರೀತಿಯಿಂದ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಅಣ್ಣ, ಬೆಲ್ಟು ಇವತ್ತೇ ತಗೊಂಡೆ, ಜಾಕೆಟ್ ಆರ್ಡರ್ ಮಾಡಿದೀನಿ. ಈ ವಾರ ಹೆಲ್ನೆಸ್‌ಗೆ ಹೋಗ್ತೀನಿ, ಮಧ್ಯಾಹ್ನವೇ.

ಗಂಗೊಳ್ಳಿ_ಹುಡುಗ:

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಮೊದಲ ಶನಿವಾರ ಹೆಲ್ನೆಸ್ ಕೊಲ್ಲಿ ಒಳಗಡೆ, ಬಿಸಿಲಿತ್ತು, ಗಾಳಿ ನೈಋತ್ಯದಿಂದ ಸಣ್ಣಗೆ. ಥರ್ಮಾಮೀಟರ್ ಹಿಡ್ಕೊಂಡು ಹೋಗಿದ್ದೆ, ಹೊರಗಿನ ಮೂಲೇಲಿ 5, ಒಳಗೆ ಕಪ್ಪು ಪಾಚಿ ಇರೋ ತಗ್ಗಲ್ಲಿ ಮೂರು ಗಂಟೆಗೆ ಏಳು ತೋರಿಸ್ತು, ನೋಡಿ ನಂಬೋಕೇ ಆಗ್ಲಿಲ್ಲ. ನೀರಿಗೆ ಕಾಲಿಡದೆ ಎಸೆದೆ, 15 ಗ್ರಾಂ ತಾಮ್ರದ್ದು, ಆರನೇ ಎಸೆತಕ್ಕೋ ಏಳನೇದಕ್ಕೋ ನಿಲ್ಲಿಸಿ ಮತ್ತೆ ಸುತ್ತೋಕೆ ಶುರು ಮಾಡಿದ ಕ್ಷಣ ರಾಡ್ ಬಾಗಿತು. ದಡದಿಂದ ಐದು ಮೀಟರ್ ಅಷ್ಟೇ, ಹಿಂದಿನ ವಾರಗಳಲ್ಲಾಗಿದ್ರೆ ಅದು ನನ್ನ ಬೆನ್ನ ಹಿಂದೆ ಇರ್ತಿತ್ತು. ಎಳೆದು ತಂದು ನೋಡ್ತೀನಿ, ಉದ್ದ 53, ಮೈ ತೆಳ್ಳಗೆ, ಬಾಲ ಸವೆದಿತ್ತು. ಮೊದಲ ಮೀನು, ಕೈ ನಡುಗ್ತಿತ್ತು, ಆದ್ರೆ ಇಲ್ಲಿ ಓದಿದ್ದು ನೆನಪಿತ್ತು. ನೀರಲ್ಲೇ ಹುಕ್ ಬಿಡಿಸಿದೆ, ಒಂದು ಕ್ಷಣ ಕಾಲ ಹತ್ರ ನಿಂತು ಹೋಯ್ತು.

ನಿನ್ನೆ ಅದೇ ಜಾಗ, ಸಂಜೆ ಐದೂವರೆ. ಲೂರ್ ಹಿಂದೆ ನೆರಳು ಬಂತು, ಜೋರಾಗಿ ಸುತ್ತಿದೆ, ಮೀನು ನುಗ್ಗಿ ಹೊಡೀತು, ಮೂರು ಸಲ ಹಾರ್ತು. 47 ಸೆಂ.ಮೀ, 1,150 ಗ್ರಾಂ, ಲೆಕ್ಕ ಹಾಕಿದೆ, 1.1 ಬಂತು. ಪೊರೆ ಅಂಗೈ ತುಂಬಾ. ಇದನ್ನ ಮನೆಗೆ ತಂದೆ. ಹೊಟ್ಟೆ ಸೀಳಿ ನೋಡಿದ್ರೆ ಕಂದು ಬಣ್ಣದ ಹುಳ ಒಂದು ಮುಷ್ಟಿ, ಸಣ್ಣ ಸಿಗಡಿ ಹದಿನೈದೋ ಇಪ್ಪತ್ತೋ, ಒಂದೂ ಮೀನಿಲ್ಲ. ಮಾಂಸ ಕಿತ್ತಳೆ ಬಣ್ಣ. ಅರ್ಧ ಮೆಣಸು ಹುಳಿ ಹಚ್ಚಿ ಕಾವಲೀಲಿ ಹುರಿದೆ, ಅರ್ಧ ತೆಂಗಿನಕಾಯಿ ಅರೆದು ಸಾರು ಮಾಡ್ದೆ, ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ ಇದೆಂತ ಮೀನು ಮಗಾ ಇಷ್ಟು ಕೆಂಪಗೆ ಅಂತ ಕೇಳಿದ್ರು, ಸಿಗಡಿ ತಿಂದು ತಿಂದು ಹಾಗಾಗುತ್ತೆ ಅಂದೆ.

ಒಂದು ಕೇಳೋದಿತ್ತು. ನಿನ್ನೆ ಹೊರಗಿನ ಮೂಲೇಲೂ ನೀರು 8 ಆಗಿತ್ತು. ಮೀನು ಈಗ ಹೊರಗೆ ಹೋಗೋಕೆ ಶುರು ಮಾಡಿರುತ್ತಾ, ಫ್ಯೂನ್ಸ್ ಹೋವಡ್‌ಗೆ ಹೋಗ್ಬಹುದಾ?

ಓಡೆನ್ಸ_ಹಳಬ:

ಹೋಗ್ಬಹುದು, ಭಾನುವಾರ ನಾನೂ ಬರ್ತೀನಿ. ಮೇ ತಿಂಗಳಲ್ಲಿ ಹಾರ್ನ್‌ಫಿಶ್ ಬರುತ್ತೆ, ಸೂಜಿ ಹಾಗೆ ಉದ್ದ ಮೂತಿದು, ಆಮೇಲೆ ಟ್ರೌಟ್‌ಗೆ ಎಸೆದಿದ್ದೆಲ್ಲ ಅದೇ ಕಚ್ಚುತ್ತೆ, ಹಾಗಾಗಿ ನಮಗಿರೋದು ಇನ್ನು ಎರಡ್ಮೂರು ವಾರ. ಗುಲಾಬಿ ಫ್ಲೈ ನಾನು ತರ್ತೀನಿ, ನೀವು ಆ ಸಾರು ಉಳಿದಿದ್ರೆ ಡಬ್ಬೀಲಿ ಹಾಕ್ಕೊಂಡು ಬನ್ನಿ.